ಹೊಸ ಪ್ಲಗ್ ಮೇಲೆ ಅನುಮಾನವೇ ಬರಲಿಲ್ಲ: ಮನೆಯಲ್ಲಿ ಸ್ಪಾರ್ಕ್ ಪ್ಲಗ್ ಬದಲಿಸಿದ ಒಂದು ಪ್ರಕರಣ

ಕಾರು ಸುಮಾರು ಹತ್ತು ವರ್ಷ ಹಳೆಯದು. ಪೆಟ್ರೋಲ್, ನಾಲ್ಕು ಸಿಲಿಂಡರ್, ಕಿಡಿ ಹಾರಿಸಿ ಪೆಟ್ರೋಲ್ ಉರಿಸುವ ಪ್ರತಿ ಪ್ಲಗ್ಗಿನ ನೆತ್ತಿ ಮೇಲೂ, ಅದಕ್ಕೆ ಹೈ ವೋಲ್ಟೇಜ್ ಕರೆಂಟ್ ಕೊಡುವ ಒಂದೊಂದು ಇಗ್ನಿಶನ್ ಕಾಯಿಲ್ ಕೂರುವ ಮಾದರಿ. ಯಾವ ಕಂಪನಿ, ಯಾವ ಮಾಡೆಲ್ ಅನ್ನುವುದು ಇಲ್ಲಿ ಬೇಡ, ಕಾರು ಯಾರದು ಅನ್ನುವುದೂ ಬೇಡ. ಅವರನ್ನು ಓನರ್ ಅಂತಲೇ ಕರೆಯೋಣ. ಕೈಯಲ್ಲಿ ಒಳ್ಳೆಯ ಸಾಕೆಟ್ ಸೆಟ್ ಇದೆ, ಆಯಿಲ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲ ತಾವೇ ಬದಲಿಸುತ್ತಾರೆ. ಅವಸರದ ಮನುಷ್ಯ ಅಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಓದುವಾಗ "ಅಯ್ಯೋ, ಇಷ್ಟೂ ಗೊತ್ತಿರಲಿಲ್ವಾ" ಅಂತ ಅನ್ನಿಸಬಹುದು. ಗೊತ್ತಿತ್ತು. ಗೊತ್ತಿದ್ದವರ ಕೈಯಲ್ಲೇ ಹೀಗಾಯಿತು ಅನ್ನುವುದಕ್ಕೇ ಇದನ್ನು ಬರೆಯುತ್ತಿರುವುದು.

ಶುರುವಾದದ್ದು ಹೀಗೆ

ಕಾರು 90 ಸಾವಿರ ಕಿಲೋಮೀಟರ್ ಹತ್ತಿರ ಓಡಿತ್ತು. ಏರು ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಹೋಗುವಾಗ, ಆರ್‌ಪಿಎಂ ಕಮ್ಮಿ ಇದ್ದಾಗ ಆಕ್ಸಿಲರೇಟರ್ ಒತ್ತಿದರೆ ಸಣ್ಣ ಜರ್ಕ್. ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ. ನಿಂತಾಗ ಐಡ್ಲಿಂಗ್ ಸ್ವಲ್ಪ ಒರಟು, ಅದೂ ಗಮನ ಕೊಟ್ಟರೆ ಮಾತ್ರ. ಕೆಲವು ವಾರ ಹೀಗೇ ನಡೆದು, ಒಂದು ದಿನ ಚೆಕ್ ಎಂಜಿನ್ ಲೈಟ್ ಬಂತು.

ಓನರ್ ಪರಿಚಯದವರ ಹತ್ತಿರ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸಾಧನ) ಇಸಿದುಕೊಂಡು ಹಾಕಿದರು. ಬಂದ ಕೋಡ್ ಪಿ0303. ಈ ಕೋಡ್‌ಗಳನ್ನು ಓದುವುದು ಸುಲಭ: ಪಿ0300 ಅಂದರೆ ಯಾವ ಸಿಲಿಂಡರ್ ಅಂತ ಗೊತ್ತಾಗದ, ಅಲ್ಲಲ್ಲಿ ಆಗುವ ಮಿಸ್‌ಫೈರ್. ಪಿ0301ರಿಂದ ಮುಂದೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಅಂದರೆ ಮೂರನೇ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

ಹಳೇ ಸರ್ವಿಸ್ ಬಿಲ್ಲುಗಳನ್ನು ತೆಗೆದು ನೋಡಿದರೆ ಪ್ಲಗ್ ಬದಲಿಸಿದ್ದು ಎಲ್ಲೂ ಕಾಣಲಿಲ್ಲ. ಒಳಗಿದ್ದದ್ದು ಸಾಮಾನ್ಯ ನಿಕಲ್ ಪ್ಲಗ್. ನಿಕಲ್ ಪ್ಲಗ್ಗುಗಳನ್ನು ಸಾಮಾನ್ಯವಾಗಿ 20ರಿಂದ 40 ಸಾವಿರ ಕಿಲೋಮೀಟರ್ ಒಳಗೆ ಬದಲಿಸಬೇಕು, ಇರಿಡಿಯಂ ಆದರೆ ಎಷ್ಟೋ ಕಾರುಗಳಲ್ಲಿ ಒಂದು ಲಕ್ಷದವರೆಗೂ ಬರುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿ ತಿರುಗುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಹಾರಿಸುತ್ತದೆ. ಪ್ರತಿ ಕಿಡಿಯೂ ಎಲೆಕ್ಟ್ರೋಡ್‌ನಿಂದ ಕಣದಷ್ಟು ಲೋಹ ಕಿತ್ತುಕೊಂಡು ಹೋಗುತ್ತದೆ, ಎಲೆಕ್ಟ್ರೋಡ್‌ಗಳ ನಡುವೆ ಕಿಡಿ ಹಾರುವ ಗ್ಯಾಪ್ ಅಗಲವಾಗುತ್ತದೆ, ಅದನ್ನು ದಾಟಲು ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ. ಹಾಗಾಗಿ ನಾಲ್ಕೂ ಪ್ಲಗ್ ಬದಲಿಸೋಣ ಅಂತ ಓನರ್ ತೀರ್ಮಾನಿಸಿದ್ದು ಸರಿಯಾಗಿಯೇ ಇತ್ತು. ಕೋಡ್ ಅಳಿಸಿದರು, ಸ್ಕ್ಯಾನರ್ ವಾಪಸ್ ಕೊಟ್ಟರು. ಈ ವಾಪಸ್ ಕೊಟ್ಟದ್ದು ಮುಂದೆ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ಪ್ಲಗ್ ಆರಿಸುವುದರಲ್ಲೂ ತಪ್ಪಿರಲಿಲ್ಲ. ಕಾರಿನ ಪುಸ್ತಕ ನೋಡಿ, ಅದೇ ಅಳತೆಯ, ಅದೇ ಹೀಟ್ ರೇಂಜ್‌ನ (ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನುವ ಅಳತೆ) ಇರಿಡಿಯಂ ಪ್ಲಗ್ ತಂದರು. ಹೀಟ್ ರೇಂಜ್ ನಂಬರ್ ಒಂದೊಂದು ಬ್ರ್ಯಾಂಡ್‌ಗೆ ಒಂದೊಂದು ಥರ, ಎನ್‌ಜಿಕೆ ಮತ್ತು ಡೆನ್ಸೋದಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಂಪು, ಬಾಷ್ ಮತ್ತು ಚಾಂಪಿಯನ್‌ನಲ್ಲಿ ಉಲ್ಟಾ. ಬ್ರ್ಯಾಂಡ್ ಬದಲಿಸುವವರು ನಂಬರ್ ಹೊಂದಿಸಲು ಹೋಗದೆ ಕಂಪನಿಯ ಪಟ್ಟಿಯನ್ನೇ ನೋಡುವುದು ಒಳ್ಳೆಯದು. ಓನರ್ ಹಾಗೇ ಮಾಡಿದ್ದರು.

ಬಿಚ್ಚಿ ಹಾಕಿದ ದಿನ

ಎಂಜಿನ್ ರಾತ್ರಿಯಿಡೀ ತಣ್ಣಗಾಗಲು ಬಿಟ್ಟು ಬೆಳಿಗ್ಗೆ ಕೆಲಸಕ್ಕೆ ಕೂತರು. ಇದೂ ಸರಿ. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಪ್ಲಗ್ಗಿನ ಮೈ ಉಕ್ಕು. ಬಿಸಿ ಇದ್ದಾಗ ಬಿಚ್ಚಿದರೆ ಹೆಡ್ಡಿನ ಮೆತ್ತನೆ ಥ್ರೆಡ್ ಕಿತ್ತು ಬರುವ ಅಪಾಯ ಇದೆ. ಕಾಯಿಲ್ ತೆಗೆದ ಮೇಲೆ ಪ್ಲಗ್ ಬಾವಿಗಳಿಗೆ, ಅಂದರೆ ಪ್ಲಗ್ ಕೂರುವ ಆಳದ ಗುಂಡಿಗಳಿಗೆ, ಗಾಳಿ ಹೊಡೆದು ಮರಳು, ಕಸ ಹಾರಿಸಿದರು. ಆಮೇಲೇ ಪ್ಲಗ್ ಬಿಚ್ಚಿದ್ದು. ಹಳೇ ಪ್ಲಗ್ಗುಗಳನ್ನು ರಟ್ಟಿನ ಡಬ್ಬಿಯಲ್ಲಿ 1, 2, 3, 4 ಅಂತ ಬರೆದು ಕ್ರಮವಾಗಿ ಇಟ್ಟರು. ಕೊನೆಗೆ ಇಡೀ ಕಥೆಯನ್ನು ಬಿಡಿಸಿದ್ದು ಈ ಡಬ್ಬಿಯೇ.

ಮೂರನೆಯದರ ಬಾವಿಯಲ್ಲಿ ಎಂಜಿನ್ ಆಯಿಲ್ ನಿಂತಿತ್ತು. ತುಂಬ ಅಲ್ಲ, ಪ್ಲಗ್ಗಿನ ಷಟ್ಕೋನ ಮುಳುಗುವಷ್ಟು. ಎಂಜಿನ್ ಮೇಲಿನ ಮುಚ್ಚಳವಾದ ವಾಲ್ವ್ ಕವರ್ ಕೆಳಗೆ ಪ್ಲಗ್ ಬಾವಿಯ ಸುತ್ತ ಇರುವ ರಬ್ಬರ್ ಸೀಲ್ ಗಟ್ಟಿಯಾಗಿ ಸೋರುತ್ತಿದೆ ಅಂತ ಅರ್ಥ. ಆ ಆಯಿಲ್ ಕಾಯಿಲ್‌ನ ರಬ್ಬರ್ ಬೂಟನ್ನು (ಪ್ಲಗ್ಗಿನ ನೆತ್ತಿಗೆ ತೊಡಿಸುವ ತೋಳು) ಮೆತ್ತಗೆ ಮಾಡಿ ಉಬ್ಬಿಸುತ್ತದೆ, ಕರೆಂಟ್ ಪ್ಲಗ್ ತುದಿಗೆ ಹೋಗುವ ಬದಲು ಪಕ್ಕದ ಲೋಹಕ್ಕೆ ಜಿಗಿಯಲು ದಾರಿಯಾಗುತ್ತದೆ. ಮೂರನೇ ಸಿಲಿಂಡರ್ ಮಾತ್ರ ಯಾಕೆ ತೊಂದರೆ ಕೊಡುತ್ತಿತ್ತು ಅನ್ನುವುದಕ್ಕೆ ಉತ್ತರ ಇಲ್ಲೇ ಇತ್ತು. ಗ್ಯಾಪ್ ನಾಲ್ಕರಲ್ಲೂ ಅಗಲವಾಗಿತ್ತು, ಮೂರರಲ್ಲಿ ಅದರ ಜೊತೆ ಆಯಿಲ್ ಬೇರೆ. ಓನರ್ ಬಟ್ಟೆಯಲ್ಲಿ ಹೀರಿ, ಬೂಟ್ ಒರೆಸಿ, "ಆಮೇಲೆ ನೋಡೋಣ" ಅಂತ ಮುಂದೆ ಹೋದರು. ಅವತ್ತಿನ ಮಟ್ಟಿಗೆ ಅದು ನಡೆಯುತ್ತಿತ್ತು ಅನ್ನಿ.

ನಿಜವಾದ ತಿರುವು ಬೇರೆ ಕಡೆ ಇತ್ತು. ಹಳೇ ಪ್ಲಗ್ಗುಗಳನ್ನು ಬೆಳಕಿಗೆ ಹಿಡಿದಾಗ ಬಿಳಿ ಪಿಂಗಾಣಿಯ ಬುಡದಲ್ಲಿ, ಲೋಹ ಶುರುವಾಗುವ ಜಾಗದ ಸ್ವಲ್ಪ ಮೇಲೆ, ಸುತ್ತಲೂ ಕಂದು ಬಣ್ಣದ ಉಂಗುರ ಕಂಡಿತು. ನಾಲ್ಕರಲ್ಲೂ. ಸಿಲಿಂಡರ್ ಒಳಗಿನ ಬಿಸಿ ಗ್ಯಾಸ್ ಪ್ಲಗ್ಗಿನ ಸಂದಿಯಿಂದ ಮೇಲೆ ಬರುತ್ತಿದೆ, ಹಿಂದೆ ಹಾಕಿದವರು ಸಡಿಲ ಬಿಟ್ಟಿದ್ದಾರೆ ಅಂತ ಓನರ್ ಲೆಕ್ಕ ಹಾಕಿದರು. ನೋಡಿದರೆ ಹಾಗೇ ಅನ್ನಿಸುತ್ತದೆ, ಆದರೆ ಹಾಗಲ್ಲ. ಅದಕ್ಕೆ ಕರೋನಾ ಸ್ಟೇನ್ ಅನ್ನುತ್ತಾರೆ. ಪ್ಲಗ್ ಸುತ್ತ ಇರುವ ಹೈ ವೋಲ್ಟೇಜ್‌ನಿಂದಾಗಿ ಗಾಳಿಯಲ್ಲಿನ ಎಣ್ಣೆಯ ಸೂಕ್ಷ್ಮ ಕಣಗಳು ಪಿಂಗಾಣಿಗೆ ಅಂಟಿ ಮೂಡುವ ಕಲೆ. ಚೆನ್ನಾಗಿ ಓಡಿದ ಪ್ಲಗ್ಗಿನಲ್ಲೂ ಇರುತ್ತದೆ, ಕೆಲಸಕ್ಕೆ ಏನೂ ಅಡ್ಡಿ ಇಲ್ಲ.

ಈ ತಪ್ಪು ಲೆಕ್ಕದಿಂದ ಒಂದು ತಪ್ಪು ತೀರ್ಮಾನ ಹುಟ್ಟಿತು: ಈ ಸಲ ಗಟ್ಟಿಯಾಗಿ ಬಿಗಿಯಬೇಕು. ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ರೆಂಚ್ ಇರಲಿಲ್ಲ. ಉದ್ದ ಹಿಡಿಯ ಬ್ರೇಕರ್ ಬಾರ್ ಇತ್ತು.

ಮೊದಲ ಮೂರು ಪ್ಲಗ್ಗಿಗೆ ಎಕ್ಸ್‌ಟೆನ್ಶನ್ (ಸಾಕೆಟ್‌ಗೆ ಜೋಡಿಸುವ ಉದ್ದ ಸರಳು) ನೇರವಾಗಿ ಇಳಿಯಿತು, ಬಿಗಿ ಜಾಸ್ತಿಯಾದರೂ ಕೂತವು. ನಾಲ್ಕನೆಯದು ಎಂಜಿನ್ ಹಿಂಬದಿಯ ಗೋಡೆಯ ಹತ್ತಿರ. ಅದರ ಮೇಲೆ ವೈರಿಂಗ್ ಹಾರ್ನೆಸ್ ಹಿಡಿದಿಡುವ ಒಂದು ಲೋಹದ ಪಟ್ಟಿ ಅಡ್ಡ ಇತ್ತು. ಪಟ್ಟಿಗೆ ಇದ್ದದ್ದು ಒಂದೇ ಬೋಲ್ಟ್. ಅದನ್ನು ಬಿಚ್ಚಿ ಪಕ್ಕಕ್ಕೆ ಸರಿಸಬಹುದಿತ್ತು. ಆದರೆ ಟೂಲ್ ಡಬ್ಬಿಯಲ್ಲಿ ಬಾಗುವ ಜಾಯಿಂಟ್ ಇತ್ತಲ್ಲ, ಅದನ್ನು ಸಿಕ್ಕಿಸಿ ಓರೆಯಾಗಿಯೇ ತಿರುಗಿಸಿದರು. ಕೊನೆಯ ಬಿಗಿ ಕೊಡುವಾಗ "ಟಿಕ್" ಅಂತ ಸಣ್ಣ ಸದ್ದು ಬಂತಂತೆ. ವಾಷರ್ ಕೂತ ಸದ್ದು ಅಂದುಕೊಂಡರಂತೆ.

ಮತ್ತೆ ಅದೇ ಲೈಟ್, ಆದರೆ ಅದೇ ಕಾಯಿಲೆ ಅಲ್ಲ

ಸ್ಟಾರ್ಟ್ ಮಾಡಿದಾಗ ಎಂಜಿನ್ ಎಂದಿಗಿಂತ ನಯವಾಗಿತ್ತು. ಐಡ್ಲಿಂಗ್ ಒರಟು ಹೋಗಿತ್ತು. ಓನರ್ ಖುಷಿಯಾಗಿ ಒಂದು ಸುತ್ತು ಹೋಗಿ ಬಂದರು, ಸಮತಟ್ಟು ರಸ್ತೆಯಲ್ಲಿ. ಮುಂದಿನ ಸಲ ಏರು ಹತ್ತುವಾಗ ಜರ್ಕ್ ವಾಪಸ್. ಮೊದಲಿಗಿಂತ ಜೋರಾಗಿ, ಜೊತೆಗೆ ಚೆಕ್ ಎಂಜಿನ್ ಲೈಟ್ ಈ ಸಲ ಮಿನುಗುತ್ತಿತ್ತು.

ಲೈಟ್ ಸುಮ್ನೆ ಉರಿಯುವುದಕ್ಕೂ ಮಿನುಗುವುದಕ್ಕೂ ವ್ಯತ್ಯಾಸ ಇದೆ. ಮಿನುಗಿದರೆ, ಹೊಗೆಯನ್ನು ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಹಾಳಾಗುವಷ್ಟು ಮಿಸ್‌ಫೈರ್ ಆಗುತ್ತಿದೆ ಅಂತ ಅರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕನ್ವರ್ಟರ್ ಒಳಗೆ ಉರಿಯುತ್ತದೆ, ಅದು ವಿಪರೀತ ಕಾಯುತ್ತದೆ. ಆಗ ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡಿ, ಆದಷ್ಟು ಬೇಗ ಗಾಡಿ ನಿಲ್ಲಿಸಬೇಕು. ಪ್ಲಗ್ಗಿಗಿಂತ ಕನ್ವರ್ಟರ್ ಎಷ್ಟೋ ಪಟ್ಟು ದುಬಾರಿ.

ಈಗ ಓನರ್ ಯೋಚಿಸಿದ ರೀತಿ ನೋಡಿ, ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಇದು. ಮೂರನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್ ಇತ್ತು. ಪ್ಲಗ್ ಬದಲಿಸಿದೆ. ಮಿಸ್‌ಫೈರ್ ಹೋಗಲಿಲ್ಲ. ಹಾಗಾದರೆ ಮೂರನೆಯದರ ಕಾಯಿಲ್ ಹೋಗಿದೆ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಒಂದೊಂದು ಮೆಟ್ಟಿಲೂ ಗಟ್ಟಿ ಅನ್ನಿಸುತ್ತದೆ. ಆದರೆ "ಮಿಸ್‌ಫೈರ್ ಹೋಗಲಿಲ್ಲ" ಅನ್ನುವ ಮೆಟ್ಟಿಲನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಸ್ಕ್ಯಾನರ್ ವಾಪಸ್ ಹೋಗಿತ್ತು. ಲೈಟ್ ಅದೇ, ಜರ್ಕ್ ಅದೇ, ರಸ್ತೆ ಅದೇ, ಹಾಗಾಗಿ ಕಾಯಿಲೆಯೂ ಅದೇ ಅಂತ ತಲೆ ತಾನೇ ತುಂಬಿಕೊಂಡಿತು. ಹೊಸ ಕಾಯಿಲ್ ತರಿಸಿ ಮೂರಕ್ಕೆ ಹಾಕಿದರು. ಏನೂ ಬದಲಾಗಲಿಲ್ಲ.

ನಾನು ಇದರಲ್ಲಿ ಸೇರಿಕೊಂಡದ್ದು ಈ ಹಂತದಲ್ಲಿ. ಓನರ್ ಆಗಲೇ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬಗ್ಗೆ ಮಾತಾಡುತ್ತಿದ್ದರು. ಸ್ಕ್ಯಾನರ್ ಹಾಕಿದೆವು. ಪಿ0304. ಮೂರು ಅಲ್ಲ, ನಾಲ್ಕು. ಮೂರನೆಯದರ ಸುದ್ದಿಯೇ ಇಲ್ಲ.

ಸ್ವಲ್ಪ ಹೊತ್ತು ಇಬ್ಬರೂ ಪರದೆ ನೋಡುತ್ತಾ ನಿಂತೆವು. ಅಂದರೆ ಮೊದಲ ಕಾಯಿಲೆ ವಾಸಿಯಾಗಿದೆ. ಈಗಿರುವುದು ಬೇರೆಯದು, ಮತ್ತು ಅದು ಬಂದದ್ದು ಪ್ಲಗ್ ಬದಲಿಸಿದ ನಂತರ. ಕೋಡ್ ಜೊತೆ ಉಳಿದಿದ್ದ ಫ್ರೀಜ್ ಫ್ರೇಮ್ ನೋಡಿದರೆ ಆರ್‌ಪಿಎಂ 1800ರ ಆಸುಪಾಸು, ಎಂಜಿನ್ ಮೇಲೆ ಲೋಡ್ ಜಾಸ್ತಿ. ಮಿಸ್‌ಫೈರ್ ಆದ ಗಳಿಗೆಯಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಅನ್ನುವ ಈ ದಾಖಲೆಯನ್ನು ಎಷ್ಟೋ ಜನ ತೆರೆದೇ ನೋಡುವುದಿಲ್ಲ, ಕೋಡ್ ನೋಡಿ ಅಳಿಸಿಬಿಡುತ್ತಾರೆ.

ಮುಂದಿನ ಹೆಜ್ಜೆಗೆ ಖರ್ಚಿಲ್ಲ. ನಾಲ್ಕನೆಯದರ ಕಾಯಿಲನ್ನು ಎರಡಕ್ಕೆ, ಎರಡರದ್ದನ್ನು ನಾಲ್ಕಕ್ಕೆ ಅದಲು ಬದಲು ಮಾಡಿದೆವು. ತಪ್ಪು ಕಾಯಿಲ್‌ನದಾಗಿದ್ದರೆ ಕೋಡ್ ಅದರ ಹಿಂದೆಯೇ ಹೋಗಿ ಪಿ0302 ಆಗಬೇಕು. ಏರು ಹತ್ತಿಸಿ ನೋಡಿದೆವು. ಪಿ0304 ಅಲ್ಲೇ ಉಳಿಯಿತು. ಕಾಯಿಲ್ ಅಲ್ಲ. ಉಳಿದದ್ದು ಪ್ಲಗ್, ಇಂಜೆಕ್ಟರ್, ಇಲ್ಲವೇ ಕಂಪ್ರೆಶನ್ (ಸಿಲಿಂಡರ್ ಒಳಗೆ ಹುಟ್ಟುವ ಒತ್ತಡ).

"ಪ್ಲಗ್ ಹೊಸದು, ಅದಿರಲಿಕ್ಕಿಲ್ಲ" ಅಂದರು ಓನರ್.

ಕಾಯಿಲ್ ತರಿಸುವಾಗಲೂ ಅವರು ಹೀಗೇ ಅಂದುಕೊಂಡಿದ್ದರು, ಇಂಜೆಕ್ಟರ್ ತರಿಸುವಾಗಲೂ ಹೀಗೇ ಅಂದುಕೊಳ್ಳುತ್ತಿದ್ದರು. ಹೊಸ ಪಾರ್ಟ್‌ಗೆ ಸಿಗುವ ಈ ರಿಯಾಯಿತಿ ವಿಚಿತ್ರ. ತೊಂದರೆ ಶುರುವಾದದ್ದು ಯಾವ ಕೆಲಸದ ನಂತರ? ಪ್ಲಗ್ ಕೆಲಸದ ನಂತರ. ಆ ಕೆಲಸದಲ್ಲಿ ನಾಲ್ಕನೇ ಸಿಲಿಂಡರ್‌ಗೆ ಹೊಸದಾಗಿ ಸೇರಿದ್ದು ಯಾವುದು? ಪ್ಲಗ್ ಒಂದೇ. ಹಾಗಿದ್ದೂ ಪಟ್ಟಿಯಲ್ಲಿ ಅದು ಕೊನೆಗೆ. ಹೊಸ ಪಾರ್ಟನ್ನು ಎಲ್ಲಕ್ಕಿಂತ ಮೊದಲು ಬಿಚ್ಚಿ ನೋಡಬೇಕು ಅನ್ನುವುದು ನನ್ನ ವಾದ. ಅದು ಕಳಪೆ ಅಂತಲ್ಲ. ಇತ್ತೀಚೆಗೆ ಕೈ ಬಿದ್ದ ಜಾಗ ಅದು, ಅಷ್ಟೇ.

ವಾದ ಬೆಳೆಸುವ ಬದಲು ರಟ್ಟಿನ ಡಬ್ಬಿ ತೆಗೆದೆವು. ನಾಲ್ಕು ಅಂತ ಬರೆದಿದ್ದ ಹಳೇ ಪ್ಲಗ್ ಇನ್ನೂ ಇತ್ತು. ಸವೆದಿದೆ, ಗ್ಯಾಪ್ ಅಗಲ, ಆದರೆ ಆ ಸಿಲಿಂಡರ್‌ನಲ್ಲಿ ಅದು ಎಂದೂ ತೊಂದರೆ ಕೊಟ್ಟಿರಲಿಲ್ಲ. ಹೊಸದನ್ನು ಬಿಚ್ಚಿ ಹಳೆಯದನ್ನು ಹಾಕಿ ಅದೇ ಏರಿಗೆ ಹೋದೆವು. ಜರ್ಕ್ ಇಲ್ಲ. ಇಂಜೆಕ್ಟರ್, ಕಂಪ್ರೆಶನ್ ಎರಡೂ ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ.

ನಾಲ್ಕನೇ ಪ್ಲಗ್, ಹತ್ತಿರದಿಂದ

ಬಿಚ್ಚುವಾಗಲೇ ಒಂದು ಸುಳಿವು ಸಿಕ್ಕಿತ್ತು: ಇತ್ತೀಚೆಗೆ ಹಾಕಿದ ಪ್ಲಗ್ ಬಿಡಲು ಅಷ್ಟು ಬಲ ಬೇಕಾಗಬಾರದು. ಹೊರಗೆ ಬಂದದ್ದನ್ನು ನೋಡಿದರೆ ಮೊದಲ ನೋಟಕ್ಕೆ ಏನೂ ಇಲ್ಲ. ಎಲೆಕ್ಟ್ರೋಡ್ ತುದಿ ಚೊಕ್ಕ, ಮಸಿ ಇಲ್ಲ. ವಾಷರ್ ಮಾತ್ರ ಬಿಲ್ಲೆಯಂತೆ ಪೂರ್ತಿ ಚಪ್ಪಟೆ. ಓನರ್ ಮುಖದಲ್ಲಿ "ನಾನು ಹೇಳಿದೆನಲ್ಲ" ಅನ್ನುವ ಭಾವ.

ಪಿಂಗಾಣಿಯನ್ನು ಒರೆಸಿ, ಟಾರ್ಚ್ ಬೆಳಕನ್ನು ಪಕ್ಕದಿಂದ ಬೀಳಿಸಿ ನಿಧಾನವಾಗಿ ತಿರುಗಿಸಿದೆವು. ಷಟ್ಕೋನದ ಮೇಲ್ಭಾಗದಲ್ಲಿ, ಪಿಂಗಾಣಿ ಲೋಹದೊಳಗೆ ಇಳಿಯುವ ಜಾಗದಲ್ಲಿ, ಅರ್ಧ ಸುತ್ತು ಬಳಸಿದ್ದ ಕೂದಲೆಳೆಯ ಬಿರುಕು. ಉಗುರು ಆಡಿಸಿದರೆ ಸಿಕ್ಕುವುದೋ ಇಲ್ಲವೋ ಅನ್ನುವಷ್ಟು ಸಣ್ಣದು. ಅದರ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಎಳೆದಂಥ ಕಪ್ಪು ಗೆರೆ. ನಾಲ್ಕರ ಮೂಲ ಕಾಯಿಲ್ ಎರಡರ ಮೇಲೆ ಕೂತಿತ್ತಲ್ಲ, ಅದರ ಬೂಟ್ ಒಳಗೆ ಇಣುಕಿದರೆ ಅಲ್ಲೂ ಅದಕ್ಕೆ ಜೋಡಿ ಗೆರೆ. ಕರೆಂಟ್ ಪ್ಲಗ್ಗಿನ ತುದಿಗೆ ಹೋಗದೆ ಇಲ್ಲಿಂದಲೇ ಹೊರಗಿನ ಲೋಹಕ್ಕೆ ಜಿಗಿದ ಗುರುತು ಅದು.

ಏರಿನಲ್ಲಿ ಮಾತ್ರ ಯಾಕೆ ಜರ್ಕ್ ಬರುತ್ತಿತ್ತು ಅನ್ನುವುದೂ ಇದರಿಂದ ತಿಳಿಯುತ್ತದೆ. ಲೋಡ್ ಬಿದ್ದಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ. ಒತ್ತಡ ಜಾಸ್ತಿಯಾದಷ್ಟೂ ಗ್ಯಾಪ್ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಐಡ್ಲಿಂಗ್‌ನಲ್ಲಿ ಗ್ಯಾಪೇ ಸುಲಭದ ದಾರಿ, ಏರಿನಲ್ಲಿ ಬಿರುಕೇ ಸುಲಭದ ದಾರಿ. ಹಾಗಾಗಿ ಮನೆ ಮುಂದೆ ನಿಲ್ಲಿಸಿ ಎಷ್ಟು ಹೊತ್ತು ಎಂಜಿನ್ ಓಡಿಸಿದರೂ ಈ ಥರದ ತಪ್ಪು ಸಿಕ್ಕುವುದಿಲ್ಲ.

"ಟಿಕ್" ಸದ್ದು ಯಾವುದರದು ಅಂತ ಆಗ ಗೊತ್ತಾಯಿತು. ಓರೆ ಸಾಕೆಟ್ ಪಿಂಗಾಣಿಯನ್ನು ಪಕ್ಕಕ್ಕೆ ತಳ್ಳಿದೆ, ಉದ್ದ ಹಿಡಿ ಆ ತಳ್ಳುವಿಕೆಯನ್ನು ಹೆಚ್ಚಿಸಿದೆ. ಪಿಂಗಾಣಿ ಬಿಸಿ ತಡೆಯುತ್ತದೆ, ಸಾವಿರಾರು ವೋಲ್ಟ್ ತಡೆಯುತ್ತದೆ, ಪಕ್ಕದಿಂದ ಬರುವ ಒತ್ತಡವನ್ನು ಮಾತ್ರ ತಡೆಯುವುದಿಲ್ಲ. ಕೆಳಗೆ ಬಿದ್ದ ಪ್ಲಗ್ಗನ್ನು ಹಾಕಬೇಡಿ ಅನ್ನುವುದಕ್ಕೂ ಇದೇ ಕಾರಣ.

ಸರಿ ಮಾಡಿದ್ದು

ಹಾರ್ನೆಸ್ ಪಟ್ಟಿಯ ಬೋಲ್ಟ್ ಬಿಚ್ಚಿದೆವು. ಪಟ್ಟಿ ಸರಿಸಿದ ಮೇಲೆ ಎಕ್ಸ್‌ಟೆನ್ಶನ್ ನೇರವಾಗಿ ಇಳಿಯಿತು. ಹೊಸ ಪ್ಲಗ್ಗಿನ ನೆತ್ತಿಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ, ಅದನ್ನು ಬೆರಳಲ್ಲಿ ತಿರುಗಿಸಿ ಥ್ರೆಡ್ ಹಿಡಿಸಿದೆವು. ಥ್ರೆಡ್ ಅಡ್ಡ ಹತ್ತಿದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ರ್‍ಯಾಚೆಟ್ ಹಾಕಿ ಶುರು ಮಾಡಿದರೆ ಈ ಎಚ್ಚರಿಕೆ ಸಿಕ್ಕುವುದಿಲ್ಲ. ಹಿಂದಿನ ಅತಿಬಿಗಿಯಿಂದ ಹೆಡ್ಡಿನ ಥ್ರೆಡ್ ಹೋಗಿದೆಯೇನೋ ಅನ್ನುವ ಭಯ ನನಗಿತ್ತು, ಆದರೆ ಪ್ಲಗ್ ಕೊನೆಯವರೆಗೂ ಬೆರಳಲ್ಲೇ ಸಲೀಸಾಗಿ ಇಳಿಯಿತು.

ಬಿಗಿ ಎಷ್ಟು? ಮೊದಲು ಕಾರಿನ ಪುಸ್ತಕ. 14 ಮಿ.ಮೀ. ಥ್ರೆಡ್, ವಾಷರ್ ಇರುವ ಪ್ಲಗ್, ಅಲ್ಯೂಮಿನಿಯಂ ಹೆಡ್ ಆದರೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಥ್ರೆಡ್ ಆದರೆ 15ರಿಂದ 20. ಟಾರ್ಕ್ ರೆಂಚ್ ಇಲ್ಲದಿದ್ದರೆ ಬೆರಳಲ್ಲಿ ಕೂತ ಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು, ಅದೂ ಹೊಸ ವಾಷರ್‌ಗೆ ಮಾತ್ರ. ಒಮ್ಮೆ ಒತ್ತಿಹೋದ ವಾಷರ್‌ಗೆ ಒಂದು ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು. ಥ್ರೆಡ್‌ಗೆ ಗ್ರೀಸ್ ಹಚ್ಚಬೇಕಾ ಅಂತ ಓನರ್ ಕೇಳಿದರು. ಬೇಡ ಅಂದೆ. ಈ ಪ್ಲಗ್ಗಿಗೆ ತುಕ್ಕು ಹಿಡಿಯದ ಲೇಪನ ಮೊದಲೇ ಇದೆ, ಗ್ರೀಸ್ ಹಚ್ಚಿದರೆ ಜಾರಿಕೆ ಹೆಚ್ಚಾಗಿ ರೆಂಚ್ ತೋರಿಸುವುದಕ್ಕಿಂತ ಜಾಸ್ತಿ ಬಿಗಿಯಾಗುತ್ತದೆ. ಕಾಯಿಲ್ ಬೂಟ್ ಒಳಗೆ ಮಾತ್ರ ಕರೆಂಟ್ ಹರಿಯಲು ಬಿಡದ ಡೈಎಲೆಕ್ಟ್ರಿಕ್ ಗ್ರೀಸ್ ಒಂದಿಷ್ಟು ಸವರಿದೆವು.

ಕಪ್ಪು ಗೆರೆ ಬಿದ್ದಿದ್ದ ಬೂಟನ್ನು ಎಸೆದು ಹೊಸದು ಹಾಕಿದ್ದಾಯಿತು. ಇದನ್ನು ಬಿಟ್ಟುಬಿಡುವವರು ಜಾಸ್ತಿ. ಆ ಗೆರೆ ಇಂಗಾಲ, ಕರೆಂಟ್ ಹರಿಯುವ ದಾರಿ. ಪ್ಲಗ್ ಮಾತ್ರ ಬದಲಿಸಿ ಬೂಟ್ ಹಾಗೇ ಬಿಟ್ಟರೆ ಹೊಸ ಪ್ಲಗ್ಗಿನ ಮೇಲೂ ಅದೇ ಗೆರೆ ಮೂಡುತ್ತದೆ.

ಉಳಿದ ಮೂರು ಪ್ಲಗ್ ಬಗ್ಗೆ ಇಬ್ಬರಿಗೂ ಒಮ್ಮತ ಇರಲಿಲ್ಲ. ಅವೂ ಅತಿಯಾಗಿ ಬಿಗಿದವೇ. ಅತಿಬಿಗಿಯಲ್ಲಿ ಲೋಹದ ಮೈ ಎಳೆದಂತಾಗಿ ಪಿಂಗಾಣಿ ಒಳಗೆ ಸಡಿಲವಾಗಬಹುದು, ಹಾಗಾದರೆ ಬಿಸಿ ಹೆಡ್ಡಿಗೆ ಸರಿಯಾಗಿ ಇಳಿಯುವುದಿಲ್ಲ. ಪೂರ್ತಿ ಹೊಸ ಸೆಟ್ ಹಾಕಿ ಅಂತ ನಾನು. ಬಿರುಕಿಲ್ಲ, ಅಲ್ಲಾಡುತ್ತಿಲ್ಲ, ಇರಲಿ ಅಂತ ಓನರ್. ಬಿಚ್ಚಿ, ಟಾರ್ಚ್ ಹಾಕಿ ನೋಡಿ, ಪಿಂಗಾಣಿ ಹಿಡಿದು ತಿರುಗಿಸಿ ನೋಡಿ, ಸರಿಯಾದ ಬಿಗಿಗೆ ವಾಪಸ್ ಹಾಕಿದೆವು. ಕಾರು ಅವರದು, ತೀರ್ಮಾನವೂ ಅವರದೇ. ಈವರೆಗೆ ಕೋಡ್ ಬಂದಿಲ್ಲ.

ಬೇಡದೆ ತಂದ ಕಾಯಿಲ್ ಕೂಡ ವ್ಯರ್ಥವಾಗಲಿಲ್ಲ. ಮೂರರ ಹಳೇ ಕಾಯಿಲ್‌ನ ಬೂಟ್ ಆಯಿಲ್ ಕುಡಿದು ತುದಿಯಲ್ಲಿ ಉಬ್ಬಿತ್ತು, ಹಿಸುಕಿದರೆ ಮೆತ್ತಗೆ ಒಳಹೋಗುತ್ತಿತ್ತು. ಹೊಸದು ಅಲ್ಲೇ ಇರಲಿ ಅಂತ ಬಿಟ್ಟೆವು. ಆದರೆ ಆ ಬಾವಿಯ ತಳದಲ್ಲಿ ಆಯಿಲ್ ಮತ್ತೆ ತೆಳ್ಳಗೆ ಇಳಿದಿತ್ತು. ವಾಲ್ವ್ ಕವರ್ ಗ್ಯಾಸ್ಕೆಟ್ ಬದಲಿಸದಿದ್ದರೆ ಹೊಸ ಬೂಟೂ ಹಾಗೇ ಉಬ್ಬುತ್ತದೆ, ಪಿ0303 ಮತ್ತೆ ಬರುತ್ತದೆ. ಓನರ್ ಈಗ ಗ್ಯಾಸ್ಕೆಟ್ ಸೆಟ್ ತರಿಸಿ ಇಟ್ಟುಕೊಂಡಿದ್ದಾರೆ. ಜೊತೆಗೆ ಒಂದು ಟಾರ್ಕ್ ರೆಂಚನ್ನೂ ಕೊಂಡಿದ್ದಾರೆ, ಯಾಕೆಂದರೆ ಆ ಕವರ್‌ನ ಬೋಲ್ಟುಗಳಿಗೆ ಪ್ಲಗ್ಗಿಗಿಂತಲೂ ಕಮ್ಮಿ ಬಿಗಿ ಸಾಕು. ಮೂರರ ಸೀಲ್ ಒಂದನ್ನೇ ಬದಲಿಸಬೇಡಿ, ಕವರ್ ಹೇಗೂ ಬಿಚ್ಚುತ್ತೀರಿ, ಉಳಿದ ಮೂರೂ ಅದೇ ವಯಸ್ಸಿನವು ಅಂತ ಹೇಳಿದ್ದೇನೆ.